ಸ್ಪೂಲ್ ಟೇಪಿನ ಎಕೋ ಮತ್ತು ನನ್ನ ಸನ್ಮಾನ

"ಟೀಚರ್, ನಿಮ್ಮಲ್ಲಿ ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್ ಉಂಟಲ್ವಾ? ಶಾಲೆಯ ವಾರ್ಷಿಕೋತ್ಸವದ ವಸ್ತು ಪ್ರದರ್ಶನಕ್ಕೆ ಬೇಕಿತ್ತು. ಹಾಗೇ ನಿಮಗೊಂದು ಸನ್ಮಾನವೂ ಉಂಟು."

ಫೋನ್ ಮಾಡಿದವಳು ಸುಜಾತಾ. ಕಾಪುವಿನ ಶಾಲೆಯಲ್ಲಿ ನನ್ನಿಂದ ಸಂಗೀತ ಕಲಿತವಳು, ಈಗ ಅಲ್ಲೇ ಟೀಚರ್. (ಮೊದಲು ಕರೆದದ್ದು ಯಂತ್ರವನ್ನೋ ನನ್ನನ್ನೋ, ಗಮನಿಸಿದಿರಾ?)

"ತರುತ್ತೇನೆ. ಅದಕ್ಕೆ ಮೈಕ್ ಜೋಡಿಸಿ ಒಂದು ಹಾಡನ್ನೂ ಹಾಡುತ್ತೇನೆ" ಎಂದೆ.

"ಅಯ್ಯೋ, ಹಾಡಲಿಕ್ಕೆ ಮಕ್ಕಳಿದ್ದಾರೆ ಟೀಚರ್. ನೀವು ಆರಾಮಾಗಿ ಕೂತ್ಕೊಳ್ಳಿ."

ಮೈಯೆಲ್ಲ ಉರಿಯಿತು. ನಿವೃತ್ತಿಯಾದ ಮೇಲೆ ಎಷ್ಟೋ ವೇದಿಕೆಗಳಲ್ಲಿ ದೀಪ ಹಚ್ಚಿದ್ದೇನೆ. ಒಂದರಲ್ಲಾದರೂ ಹಾಡಿಸಿದರೇ? ಇಲ್ಲ.

ಅಪ್ಪನ ಕಾಲದ ಆ ಯಂತ್ರವನ್ನು ಹಿಂದಿನ ತಿಂಗಳಷ್ಟೇ ಕಾರ್ಕಳದ ಹಮೀದಾಕನ ರಿಪೇರಿ ಅಂಗಡಿಗೆ ಒಯ್ದಿದ್ದೆ. ಹಳೆಯ ಟೇಪುಗಳಿಗೆಲ್ಲ ಬೂಷ್ಟು ಹಿಡಿದಿತ್ತು. "ಮೋಟಾರ್ ಸರಿ ಉಂಟು, ಹೆಡ್ ಸರಿ ಉಂಟು. ಇದನ್ನು ಎಂತಕ್ಕೆ ಸುಮ್ಮನೆ ಕೂರಿಸುವುದು ಮಾರಾಯ್ರೆ? ಎಕೋ ಮಾಡುವ" ಎಂದರು ಹಮೀದಾಕ. ಖಾಲಿ ಟೇಪೊಂದನ್ನು ಹುಡುಕಿ ಹಾಕಿದರು. ಹಾಡಿದ್ದನ್ನು ಒಂದು ಹೆಡ್ ಟೇಪಿಗೆ ಇಳಿಸುತ್ತದೆ. ಟೇಪು ತುಸು ಮುಂದೆ ಸರಿದಾಗ ಇನ್ನೊಂದು ಹೆಡ್ ಅದನ್ನೇ ಮತ್ತೆ ಕೇಳಿಸುತ್ತದೆ. ಕೇಳಿಸಿದ್ದನ್ನು ಇನ್ನೊಮ್ಮೆ ಒಳಗೆ ಕಳಿಸಿದರೆ ಎಕೋ ಎರಡು, ಮೂರು. ಅಷ್ಟೇ ವಿದ್ಯೆ.

ಮೊಬೈಲಿನಲ್ಲೇ ಎಕೋ ಆ್ಯಪ್ ಇದೆಯಲ್ಲ ಎನ್ನುತ್ತೀರಾ? ಇರಲಿ. ಯಾರು ಬೇಡ ಎಂದರು?

ವಾರ್ಷಿಕೋತ್ಸವದ ದಿನ ಯಂತ್ರವನ್ನು ವೇದಿಕೆಯಲ್ಲೇ ಒಂದು ಮೇಜಿನ ಮೇಲಿಟ್ಟು, 'ದಯವಿಟ್ಟು ಮುಟ್ಟಬೇಡಿ' ಎಂಬ ಚೀಟಿ ಅಂಟಿಸಿದ್ದರು. ನನಗೆ ಶಾಲು, ಹಣ್ಣಿನ ಬುಟ್ಟಿ, ಮೂಲೆಯಲ್ಲೊಂದು ಕುರ್ಚಿ. ಭಾಷಣಗಳು ಮುಗಿಯುವವರೆಗೆ ಕಾದೆ. ಆಮೇಲೆ ಎದ್ದು ಹೋಗಿ ಚೀಟಿ ಕಿತ್ತೆ. ನನ್ನ ಜೊತೆಗೇ ಬಂದಿದ್ದ ಹಮೀದಾಕ ಮೈಕಿನ ವಯರ್ ಸಿಕ್ಕಿಸಿದರು. ಹಾಡಿದೆ!

ಮೇಲಿನ ಸ್ವರಕ್ಕೆ ಹೋದಾಗ ಗಂಟಲು ಒಡೆಯಿತು. ಯಂತ್ರವೋ, ಆ ಒಡಕನ್ನೇ ಮೂರು ಸಲ ಕೇಳಿಸಿತು. ಮುಂದಿನ ಸಾಲಿನವರು ಕಿಸಕ್ಕೆಂದರು. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ? ಆದರೂ ಕೊನೆಯ ಸಾಲಿನವರೆಗೆ ಹಾಡಿಯೇ ಮೈಕ್ ಬಿಟ್ಟೆ. ಅಷ್ಟು ಖುಷಿಪಟ್ಟು ಎಷ್ಟು ಕಾಲವಾಗಿತ್ತೋ.

ಕೆಳಗಿಳಿದಾಗ ಸುಜಾತಾ ಮುಖ ಸಣ್ಣ ಮಾಡಿಕೊಂಡು ಬಂದಳು. "ಸನ್ಮಾನ ಎಷ್ಟು ಚೆಂದ ಆಗಿತ್ತು. ಮತ್ತೆ ಸುಮ್ಮನೆ ಕೂತಿದ್ದರೆ ಆಗ್ತಿತ್ತಲ್ವಾ ಟೀಚರ್?"

ಶಾಲು ಹೊದಿಸಿದ ಮಾತ್ರಕ್ಕೆ ನಾನು ಮಲಗಿಬಿಡಬೇಕೆ ಸುಜಾತಾ?