ಮೂಡಣ ಕಿಟಕಿ ಮುಚ್ಚಿ ಕಟ್ಟಿಸಿದ ಬಟ್ಟೆ ಕೋಣೆ

ಮದುವೆಯಾದ ಮೇಲೆ ಎಷ್ಟೋ ಕಾಲ ನಾನು ಸೀರೆ ಉಟ್ಟದ್ದು ಬಚ್ಚಲಲ್ಲಿ. ಒದ್ದೆ ಕಲ್ಲಿನ ಮೇಲೆ ನಿಂತು, ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ನೆರಿಗೆ ಹಿಡಿದರೆ, ಸೀರೆಯ ಅಂಚು ನಾನು ಪಾಠ ಹೇಳುವ ಶಾಲೆ ಮುಟ್ಟುವವರೆಗೂ ಒಣಗುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆ ಅದು. ರಾಯಚೂರಿನಲ್ಲಿ ನಮಗಿದ್ದದ್ದು ಮಾಳಿಗೆಯ ಮೇಲಿನ ಎರಡೇ ಕೋಣೆ. ಮುಂದಿನದರಲ್ಲಿ ಅಡುಗೆ, ಹಿಂದಿನದರಲ್ಲಿ ಮಂಚ, ತೊಟ್ಟಿಲು, ಟ್ರಂಕುಗಳು, ಅತ್ತೆಯ ಹಾಸಿಗೆ. ಯಾವಾಗ ನೋಡಿದರೂ ಒಳಗೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಒಂದು ದಿನ ರೇಗಿ ಗಂಡನಿಗೆ ಹೇಳಿಯೇಬಿಟ್ಟೆ.

"ನಿಂತು ಸೀರಿ ಉಡಾಕ ಒಂದು ಜಾಗ ಮಾಡಿಕೊಡ್ರಿ. ಇಲ್ಲಂದ್ರ ನಾ ದೇವದುರ್ಗಕ್ಕ ಹೋಗ್ತೀನಿ."

ದೇವದುರ್ಗ ನನ್ನ ತವರು. ಆ ಹೆಸರು ಕೇಳಿದರೆ ಅವರು ಬೇಗ ಏಳುತ್ತಿದ್ದರು. ಓವರ್‌ಸೀಯರ್ ಮನುಷ್ಯ, ಊರಿಗೆಲ್ಲ ಮೋರಿ, ಸೇತುವೆ ಬರೆದುಕೊಡುವವರು. ಮಲಗುವ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಇದು ಗೋಡೆ, ಇದು ಬಾಗಿಲು ಎಂದರು. ನಾನು ಗೆರೆಯೊಳಗೆ ನಿಂತು ಸೀರೆ ಉಟ್ಟು ತೋರಿಸಿದೆ. ನೆರಿಗೆ ಹಿಡಿಯುವಾಗ ಮೊಣಕೈ ಗೆರೆ ದಾಟಿತು. "ನಿಮ್ಮ ಸೇತುವಿ ಮ್ಯಾಲೆ ಎತ್ತಿನ ಬಂಡಿ ಹೋದೀತು, ಇದರಾಗ ಹೆಂಗಸು ನಿಂದ್ರಂಗಿಲ್ಲ" ಎಂದೆ. ಅಳಿಸಿ ಮತ್ತೆ ಎಳೆದರು. ಎಡಕ್ಕೆ ಶಹಾಬಾದ್ ಕಲ್ಲಿನ ಹಲಗೆಗಳು, ಬಲಕ್ಕೆ ಸೀರೆ ತೂಗು ಹಾಕಲು ಕೋಲು, ಕೆಳಗೆ ಕೂಸಿನ ಬಟ್ಟೆ. ಕೋಣೆಗಿದ್ದ ಒಂದೇ ಒಂದು ಮೂಡಣ ಕಿಟಕಿ ಆ ಗೆರೆಯೊಳಗೆ ಬಂತು. ಹತ್ತಿ ಮಿಲ್ಲಿನ ನವಿರು ಹಾರಿ ಬಂದು ಒಗೆದ ಬಟ್ಟೆಗೆಲ್ಲ ಹತ್ತುವ ಓಣಿ ನಮ್ಮದು. ಕಿಟಕಿಯನ್ನು ಇಟ್ಟಿಗೆ ಇಟ್ಟು ಮುಚ್ಚಿಸಿದೆವು. ತವರಿನಲ್ಲಿ ಕೆಡವಿದ ಹಳೆಯ ಮನೆಯ ಸಾಗವಾನಿ ಬಾಗಿಲೊಂದು ದೇವದುರ್ಗದ ಬಸ್ಸಿನ ಮೇಲೆ ಮಲಗಿಕೊಂಡು ಬಂತು. ಬಡಿಗ ಅದನ್ನು ಗಾಳಿ ಸುಳಿಯದಂತೆ ಕೂರಿಸಿದ.

ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೊದಲ ಬೆಳಿಗ್ಗೆ ನಾನು ಸುಮ್ಮನೆ ನಿಂತೆ. ಮದುವೆಯಾದಾಗಿನಿಂದ ನನ್ನದು ಅಂತ ಒಂದು ಬಾಗಿಲು ಇರಲಿಲ್ಲ. ಖುಷಿಗೆ ಅಳು ಬಂತು.

ಮಳೆಗಾಲ ಹಿಡಿಯಿತು. ಅತ್ತೆ ತಮ್ಮ ಇಳಕಲ್ ಸೀರೆಯ ರೇಷ್ಮೆ ಸೆರಗು ಬಿಡಿಸಿ ನೋಡಿದರೆ ಹುಳು ತಿಂದ ತೂತು. ಅದು ಅವರ ಮದುವೆಯ ಸೀರೆ. ನಾನು ಬೇವಿನ ಸೊಪ್ಪು ತರಿಸುತ್ತೇನೆ ಎಂದೆ. "ನೀ ಸಾಲಿಗೆ ಹೋಗವ್ವ. ನಾ ನೋಡ್ಕೋತೀನಿ" ಎಂದರು.

ಕೂಸು ಹಾಲು ಕಾರತೊಡಗಿದ್ದು ಆಮೇಲೆ. ಸೀರೆ ಉಡುವಾಗ ನಾನು ಅವಳನ್ನು ಬಟ್ಟೆ ಕೋಣೆಯ ನೆಲದ ಮೇಲೆ ಮಲಗಿಸಿಕೊಳ್ಳುತ್ತಿದ್ದೆ. ಕಾಲು ಬಡಿದು ಆಡುತ್ತಿದ್ದವಳು ಸುಮ್ಮನೆ ಮಲಗತೊಡಗಿದಳು. ನನಗೂ ಶಾಲೆಯಲ್ಲಿ ತಲೆ ಸಿಡಿಯುತ್ತಿತ್ತು. ಡಾಕ್ಟರು ಹೊಟ್ಟೆಗೆ ಔಷಧಿ ಕೊಟ್ಟರು. ಕೋಣೆಯಲ್ಲಿ ಬೆಳ್ಳುಳ್ಳಿಯ ವಾಸನೆ ಇತ್ತು, ಅಡುಗೆಯದಿರಬೇಕು ಎಂದುಕೊಂಡೆವು. ಒಂದು ದಿನ ಕೂಸಿನ ಬಟ್ಟೆಯ ಮೇಲೆ ಹಲ್ಲಿ ಸತ್ತು ಬಿದ್ದಿತ್ತು. ಮರುವಾರ ಇನ್ನೊಂದು. ಅತ್ತೆ ಪಂಚಾಂಗ ತರಿಸಿ ಹಲ್ಲಿ ಬಿದ್ದ ಫಲ ಓದಿಸಿದರು. ಮೈಮೇಲೆ ಬಿದ್ದ ಹಲ್ಲಿಗೆ ಫಲ ಇತ್ತು, ಸತ್ತು ಬಿದ್ದದ್ದಕ್ಕೆ ಇರಲಿಲ್ಲ. ಅವರ ಮುಖ ಕಪ್ಪಿಟ್ಟಿತು.

ಓಣಿಗೆ ಅಷ್ಟೇ ಸಾಕಾಯಿತು. "ಮೂಡಲ ಕಿಡಕಿ ಮುಚ್ಚ್ಯಾರ, ಹಳೇ ಮನಿ ಬಾಗಿಲಾ ತಂದು ಹಚ್ಚ್ಯಾರ, ಅದರ ಕೂಡ ಏನು ಬಂದದೋ ಯಾರಿಗೆ ಗೊತ್ತು" ಎಂದು ಮೆಟ್ಟಿಲಲ್ಲೇ ಮಾತು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ನಾನು ಜಗಳ ಕಾದೆ. ಆದರೆ ಕೂಸನ್ನು ದೇವದುರ್ಗಕ್ಕೆ ಒಯ್ದಾಗ ಅವಳು ಎರಡೇ ದಿನದಲ್ಲಿ ಚೇತರಿಸಿಕೊಂಡಳು. ರಾಯಚೂರಿಗೆ ಬಂದ ವಾರದೊಳಗೆ ಮತ್ತೆ ಕಾರಿದಳು, ತುಟಿ ನೀಲಿಯಾಯಿತು. ನನ್ನ ಹಟ ಅಲ್ಲಿಗೆ ಮುಗಿಯಿತು. ಬಾಗಿಲು ಕಿತ್ತು ಒಲೆಗೆ ಹಾಕಿರಿ, ಕೂಸು ಉಳಿದರೆ ಸಾಕು ಎಂದು ಅತ್ತೆಯ ಮುಂದೆ ಕೂತು ಅತ್ತುಬಿಟ್ಟೆ.

ಅತ್ತೆಗೆ ಸಿಟ್ಟು ಬಂತು. ನನ್ನ ಮೇಲಲ್ಲ, ಓಣಿಯ ಮೇಲೆ.

"ನನ್ನ ಸೊಸಿ ಆಸಿಪಟ್ಟು ಮಾಡಿಸ್ಯಾಳ. ಅದರಾಗ ಏನದ ಅಂತ ನಾ ಮಲಗಿ ನೋಡ್ತೀನಿ. ಇದ್ರ ನನ್ನ ಹಿಡೀಲಿ, ಕೂಸಿನ್ಯಾಕ ಹಿಡೀತದ?"

ಅಂದು ಭಾನುವಾರ. ಊಟವಾದ ಮೇಲೆ ನಾನು ಬೇಡ ಬೇಡ ಎಂದರೂ ಕೌದಿ ಹಾಸಿಕೊಂಡು ಒಳಗೆ ಮಲಗಿ ಬಾಗಿಲೆಳೆದುಕೊಂಡರು. ನಾನು ಕೂಸನ್ನೆತ್ತಿಕೊಂಡು ಮುಂದಿನ ಕೋಣೆಯಲ್ಲಿ ಕೂತೆ. ಮೊದಮೊದಲು ಅವರ ಗೊರಕೆ ಕೇಳುತ್ತಿತ್ತು. ಆಮೇಲೆ ಇಲ್ಲ. ಒಳ್ಳೆಯ ನಿದ್ದೆ ಎಂದುಕೊಂಡೆ.

ಮಾವ ಮಾನ್ವಿಯಲ್ಲಿ ಕಾಳುಕಡಿಯ ಅಡತಿ ಅಂಗಡಿ ನಡೆಸುತ್ತಿದ್ದರು. ಭಾನುವಾರ ಸಂಜೆಯ ಬಸ್ಸಿಗೆ ನಮ್ಮಲ್ಲಿಗೆ ಬರುವುದು ರೂಢಿ. ಅವತ್ತೂ ಬಂದರು. ಅತ್ತೆ ಎಲ್ಲಿ ಎಂದರು, ತೋರಿಸಿದೆ. ಬಾಗಿಲು ತೆಗೆದವರೇ ಮೂಗಿಗೆ ಧೋತರ ಒತ್ತಿ ಹಿಂದೆ ಸರಿದರು.

"ಜ್ವಾಳದ ಗುಳಿಗಿ ಇಲ್ಲಿ ಯಾರು ಇಟ್ರು?" ಎಂದು ಕೂಗಿಕೊಂಡರು.

ಕಾಳಿನ ಚೀಲಗಳ ನಡುವೆ ಗುಳಿಗೆ ಇಟ್ಟು ಕೋಣೆ ಮುಚ್ಚಿದರೆ, ಅದರಿಂದ ಏಳುವ ಬೆಳ್ಳುಳ್ಳಿ ವಾಸನೆಯ ವಿಷಗಾಳಿಗೆ ಹುಳು ಸಾಯುತ್ತದೆ. ಅಂಗಡಿಯಲ್ಲಿ ಹಾಗೆ ಮುಚ್ಚಿದ ಕೋಣೆಯೊಳಕ್ಕೆ ಮಾವ ಹಮಾಲರನ್ನೂ ಬಿಡುತ್ತಿರಲಿಲ್ಲ. ನಮ್ಮ ವರ್ಷದ ಜೋಳದ ಚೀಲಗಳಿಗೆಂದು ಅತ್ತೆ ಕೇಳಿದಾಗ, ಕೋಣೆಯೊಳಗೆ ಬೇಡ, ಹೊರಗೇ ಇಡು ಎಂದು ಹೇಳಿ ಕೊಟ್ಟಿದ್ದರಂತೆ. ಜೋಳಕ್ಕೆ ಹುಳು ಬಿಡದ್ದು ರೇಷ್ಮೆಗೆ ಬಿಟ್ಟೀತೇ ಎಂದು ಅತ್ತೆ ಅವನ್ನು ಹಳೆಯ ಧೋತರದ ಚಿಂದಿಯಲ್ಲಿ ಕಟ್ಟಿ ಸೀರೆಗಳ ಮಡಿಕೆಯಲ್ಲಿಟ್ಟಿದ್ದರು. ಹಳೆಯದು ಪುಡಿಯಾದಾಗಲೆಲ್ಲ ಹೊಸದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ನಾವು ಕಿಟಕಿಯನ್ನೂ ಬಾಗಿಲನ್ನೂ ಬಯ್ಯುತ್ತ ಕೂತಿದ್ದೆವು.

ಎಚ್ಚರ ತಪ್ಪಿ ಬಿದ್ದಿದ್ದ ಅತ್ತೆಗೆ ಮರುದಿನ ದವಾಖಾನೆಯಲ್ಲಿ ಸ್ವಲ್ಪ ಎಚ್ಚರ ಬಂತು. ಉಸಿರು ಎಳೆಯುತ್ತಿತ್ತು. ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಆಗಲೇ ನನ್ನ ಗಂಡನನ್ನು ಹೊರಗೆ ಕರೆದು ಹೇಳಿದ್ದರು. ಮಾವ ಗುಳಿಗೆಯ ಮಾತೆತ್ತಬೇಡ ಎಂದು ನನಗೆ ಕೈಮುಗಿದು, ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಅತ್ತೆ ನನ್ನ ಕೈ ತಡಕಿ ಹಿಡಿದರು.

"ಇತ್ತವ್ವ, ಖರೇನೇ ಇತ್ತು ಅದರಾಗ. ನನ್ನ ಎದಿ ಮ್ಯಾಲೆ ಕುಂತಂಗಾತು" ಎಂದರು. ಉಸಿರು ಕೂಡಿಸಿಕೊಂಡು ಮತ್ತೆ ಹೇಳಿದರು. "ಹೋಗಲಿ ಬಿಡು. ನನ್ನ ಮ್ಯಾಲೆ ಬಂದು ಹೋತು. ಇನ್ನ ಕೂಸಿಗೆ ಏನೂ ಆಗಂಗಿಲ್ಲ, ಹೌದಿಲ್ಲೋ?"

"ಹೌದತ್ತಿ" ಎಂದೆ. "ಇನ್ನ ಏನೂ ಆಗಂಗಿಲ್ಲ."