ಐರನ್ ಲೆಗ್ ಅಭಿಮಾನಿ

ನನಗೆ ಫುಟ್‌ಬಾಲ್ ಆಡಲು ಬರುವುದಿಲ್ಲ. ಆದರೂ ನಮ್ಮ ಮರ್ಫಿ ಟೌನ್ ತಂಡವನ್ನು ಸೋಲಿಸುವುದರಲ್ಲಿ ನನ್ನ ಕಾಲಿಗಿರುವಷ್ಟು ಹೆಸರು ಯಾವ ಎದುರಾಳಿಯ ಕಾಲಿಗೂ ಇಲ್ಲ. ನಾನು ಮೈದಾನದೊಳಗೆ ಹೆಜ್ಜೆ ಇಟ್ಟರೆ ಸಾಕು, ನಮ್ಮವರು ಸೋಲುತ್ತಾರಂತೆ. ಇದು ಬೀದಿಯ ತೀರ್ಮಾನ, ಮೇಲ್ಮನವಿಗೆ ಅವಕಾಶವಿಲ್ಲ.

ಕ್ರಿಕೆಟ್ ಅಭಿಮಾನಿಯ ಸುಖ ನೋಡಿ. ತಂಡ ಸೋತರೆ ಪಿಚ್ಚನ್ನು ಬೈಯಬಹುದು, ಟಾಸನ್ನು ಬೈಯಬಹುದು, ಇಬ್ಬನಿಯನ್ನೂ ಬೈಯಬಹುದು. ಫುಟ್‌ಬಾಲಿನವನದು ನಾಯಿಪಾಡು. ತೊಂಬತ್ತು ನಿಮಿಷ ಚೆಂಡಿನ ಹಿಂದೆ ಕತ್ತು ಹೊರಳಿಸಿದರೂ ಎಷ್ಟೋ ಸಲ ಒಂದು ಗೋಲೂ ಬೀಳುವುದಿಲ್ಲ. ಬಿದ್ದರೆ, ನಾನು ಸೌತೆಕಾಯಿ ಮಾರುವವನ ಕಡೆ ತಿರುಗಿದ ಗಳಿಗೆಯಲ್ಲೇ ಬೀಳುತ್ತದೆ. ಅದೂ ನಮ್ಮ ಬಲೆಗೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬೆಕ್ಕು ಅಡ್ಡ ಬಂದರೆ ಏನೂ ಆಗುವುದಿಲ್ಲ ಎಂದು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಈಗ ಬೀದಿಗೆಲ್ಲ ನಾನೇ ಬೆಕ್ಕು. ಕಳೆದ ವರ್ಷ ಫೈನಲ್ಲಿನ ಹಿಂದಿನ ದಿನ ತಂಡದ ಕೋಚ್, ವೆಲ್ಡಿಂಗ್ ಅಂಗಡಿಯ ಸೆಲ್ವಣ್ಣ, ಒಂದು ಡಜನ್ ಬಾಳೆಹಣ್ಣು ಹಿಡಿದು ಬಾಗಿಲಿಗೇ ಬಂದ.

“ಸರ್, ತಪ್ಪು ತಿಳ್ಕೋಬೇಡಿ. ನಾಳೆ ಮ್ಯಾಚ್‌ಗೆ ನೀವು ಬರ್ಲೇಬೇಡಿ. ಇದೇ ರಿಚರ್ಡ್ಸ್ ಟೌನ್ ಮೇಲೆ ಮೂರು ಫೈನಲ್ ಸೋತಿದೀವಿ. ಮೂರಕ್ಕೂ ನೀವಿದ್ರಿ.”

“ಮೂರಕ್ಕೂ ನೀನೂ ಇದ್ದಲ್ಲಪ್ಪಾ!”

“ನಾನು ಕೋಚ್ ಸರ್,” ಎಂದ. ಬಾಳೆಹಣ್ಣು ನನ್ನ ಕೈಗಿಟ್ಟು ಹೊರಟೇಹೋದ.

ಬಾಳೆಹಣ್ಣು ತಿಂದರೂ ಹೊಟ್ಟೆಯ ಉರಿ ಆರಲಿಲ್ಲ. ನಮ್ಮ ಹುಡುಗರು ಕಪ್ ಎತ್ತುವುದನ್ನು ಒಂದು ಸಲ, ಒಂದೇ ಒಂದು ಸಲ, ಕಣ್ಣಾರೆ ನೋಡಬೇಕೆಂಬುದು ನನ್ನ ಆಸೆ. ಅದಕ್ಕೂ ಕಲ್ಲು ಬಿತ್ತಲ್ಲ! ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ತಲೆ ಎತ್ತದೆಯೇ ಹೇಳಿದಳು: “ನಿಮ್ಮ ಕಾಲ್ಗುಣ ಅಷ್ಟು ಚೆನ್ನಾಗಿದ್ರೆ, ಹೋಗಿ ಎದುರು ಪಾರ್ಟಿ ಜೊತೆ ಕೂತ್ಕೊಳ್ರೀ.”

ಅವಳು ಹಂಗಿಸಿದ್ದು. ನಾನು ಅದನ್ನು ಪ್ರಯೋಗವೆಂದು ತೆಗೆದುಕೊಂಡೆ. ಭಾನುವಾರ ಮಧ್ಯಾಹ್ನ ತಲೆಗೆ ಟೋಪಿ, ಮುಖಕ್ಕೆ ಕೋವಿಡ್ ಕಾಲದ ಮಾಸ್ಕು ಹಾಕಿಕೊಂಡು ರಿಚರ್ಡ್ಸ್ ಟೌನ್ ಬೆಂಬಲಿಗರ ನಡುವೆ ಕುಳಿತೆ. ಪಕ್ಕದವರು, ಶಿವಾಜಿನಗರದಲ್ಲಿ ಬಟ್ಟೆ ಅಂಗಡಿಯಿಟ್ಟ ಇಮ್ತಿಯಾಜ್ ಸಾಬರು, ತಾವಾಗಿಯೇ ಪರಿಚಯ ಹೇಳಿಕೊಂಡರು. ಅವರು ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ. ಅವರು ರೆಫರಿಯನ್ನು ಬೈದಾಗ ಮನಸಾರೆ ಬೈದೆ. ಅಲ್ಲಿ ನಟನೆ ಬೇಕಾಗಿರಲಿಲ್ಲ.

ಆಟ ಮುಗಿಯಲು ಎರಡು ನಿಮಿಷವಿದ್ದಾಗ ನಮ್ಮ ಹುಡುಗನೊಬ್ಬ ಎಡಗಾಲಲ್ಲಿ ಬಾರಿಸಿದ. ಚೆಂಡು ಬಲೆಯೊಳಗೆ! ಗಂಟಲಿಗೆ ಬಂದ ಕೂಗನ್ನು ನುಂಗಿಕೊಂಡು “ಛೇ!” ಎಂದೆ. ಆದರೆ ಕಣ್ಣಿಗೆ ಯಾರು ಹೇಳಬೇಕು? ನಮ್ಮವರು ಕಪ್ ಎತ್ತಿದಾಗ ದಳದಳ ನೀರು ಇಳಿಯಿತು. ಇಮ್ತಿಯಾಜ್ ಸಾಬರು ನನ್ನ ಬೆನ್ನು ಸವರಿ ಕಡಲೆಕಾಯಿ ಪೊಟ್ಟಣ ಮುಂದೆ ಹಿಡಿದರು. “ಅರೆ, ಅಳ್ಬೇಡಿ ಸಾಬ್. ಆಟ ಅಲ್ವಾ? ಮುಂದಿನ ಸಲ ನಾವೇ ಗೆಲ್ತೀವಿ, ಇನ್‌ಶಾ ಅಲ್ಲಾ.” ಇಂಥ ಒಳ್ಳೆಯ ಮನುಷ್ಯನಿಗೆ ಮೋಸ ಮಾಡಿದೆನಲ್ಲ ಎಂದು ಇನ್ನಷ್ಟು ಅಳು ಬಂತು.

ಸಂಜೆ ನಮ್ಮ ಬೀದಿಯಲ್ಲಿ ತಮಟೆಯೋ ತಮಟೆ. ತಡೆಯಲಾಗಲಿಲ್ಲ. ನಾನೂ ಮೈದಾನದಲ್ಲೇ ಇದ್ದೆ, ಇನ್ನು ನನ್ನ ಕಾಲಿನ ಕಳಂಕ ಕಳೆಯಿತು ಎಂದು ಎಲ್ಲರೆದುರು ಸಾರಿದೆ. ತಮಟೆ ನಿಂತಿತು. ಸೆಲ್ವಣ್ಣನ ಮುಖ ಬಿಳಿಚಿಕೊಂಡಿತು.

“ಎಲ್ಲಿ ಕೂತಿದ್ರಿ ಸರ್?”

ಹೇಳಿದೆ. ಅವನು ನನ್ನನ್ನು ತಬ್ಬಿಕೊಂಡೇಬಿಟ್ಟ. “ಅಯ್ಯೋ, ಇಷ್ಟು ವರ್ಷ ಯಾಕ್ ಸರ್ ನಮ್ ಕಡೆ ಕೂತಿದ್ರಿ? ಇನ್ಮೇಲೆ ನಿಮ್ ಸೀಟು ಅಲ್ಲೇ. ಟೀಮ್‌ಗೋಸ್ಕರ ಅಷ್ಟು ಮಾಡಿ.”

ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಬದುಕಿಡೀ ಎದುರಾಳಿಗೆ ಚಪ್ಪಾಳೆ ತಟ್ಟುವ ಶಿಕ್ಷೆಗೆ ಇಂಥ ಮೆರವಣಿಗೆ ಇನ್ಯಾರಿಗೆ ಸಿಕ್ಕೀತು? ನಿಜ ಹೇಳಬೇಕೆಂದರೆ, ಮನಸ್ಸಿಗೆ ಬೇಸರವೇ ಆಯಿತು. ಆದರೆ ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಇವರು ಗೆಲ್ಲಲಿ ಎಂದು ಬಯಸಿದವನು ನಾನೇ ತಾನೆ.

ಮನೆಗೆ ಬಂದವನೇ ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟು, ಮಧ್ಯಾಹ್ನ ನುಂಗಿದ್ದನ್ನು ಗಂಟಲು ಹರಿಯುವಂತೆ ಕೂಗಿದೆ: “ಗೋ...ಲ್!”

ಹೆಂಡತಿ ಹೊರಗಿನಿಂದ ಬಾಗಿಲು ಬಡಿದಳು. “ಏನಾಯ್ತ್ರೀ, ಬಿಸಿನೀರು ಸುಡ್ತಾ?”

“ಇಲ್ಲ ಕಣೇ,” ಎಂದೆ, “ಗೆದ್ವಿ.”