ಬರೆದಿಡದ ಗಂಟುಗಳು

ಹತ್ತಿ ಬಟ್ಟೆ ಸುಟ್ಟ ವಾಸನೆ ಬಂದರೆ ನಾನು ಈಗಲೂ ಇದ್ದಲ್ಲಿ ಇರುವುದಿಲ್ಲ. ಮೊನ್ನೆ ಇಸ್ತ್ರಿ ಅಂಗಡಿಯವನು ಮಾತಾಡುತ್ತ ಮಾತಾಡುತ್ತ ಯಾರದೋ ಧೋತರದ ಅಂಚು ಕರಕಲು ಮಾಡಿದ. ಅವನು ಹಣೆ ಚಚ್ಚಿಕೊಳ್ಳುತ್ತಿದ್ದರೆ ನಾನು ಕಮರಿಪೇಟೆಯ ನಮ್ಮ ಮನೆಯ ಬಚ್ಚಲ ಮುಂದೆ, ಹನ್ನೊಂದು ವರ್ಷದವಳಾಗಿ ನಿಂತುಬಿಟ್ಟಿದ್ದೆ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಸಾಲಾಗಿ ಮೊಬೈಲ್ ಅಂಗಡಿಗಳಿವೆ. ನಿಮ್ಮ ಬಾಲ್ಯದ ಮನೆಯನ್ನು ಕಾಲವೇ ಕೆಡವಿದ್ದರೆ ನೀವು ಪುಣ್ಯವಂತರು. ನಮ್ಮದನ್ನು ಕೆಡವಿದ್ದು ನಾನು.

ನಮ್ಮದು ಮೂರು ತಲೆಮಾರಿನ ಸಾವಕಾರರ ಮನೆ. ಊರಿಗೆ ಇಷ್ಟೊಂದು ಬ್ಯಾಂಕು ಬಂದ ಮೇಲೂ ಹತ್ತಿ ವ್ಯಾಪಾರಿಗಳು ಹಣ ಇಡಲು, ಎತ್ತಲು ಮೊದಲು ನಮ್ಮ ಲೇವಾದೇವಿ ಪೇಢಿಯ ಮೆಟ್ಟಿಲನ್ನೇ ಹತ್ತುತ್ತಿದ್ದರು. ಪಡಸಾಲೆಯ ತುಂಬ ಬಿಳಿ ಗಾದಿ, ಲೋಡು, ಅದರ ನಡುವೆ ಗುಲಾಬಿ ರುಮಾಲಿನ ಅಜ್ಜ. ಅಷ್ಟು ಐಶ್ವರ್ಯ ಇದ್ದವನು ಹರಿದ ಚಪ್ಪಲಿಗೆ ನಾಲ್ಕು ಸಲ ಹೊಲಿಗೆ ಹಾಕಿಸುತ್ತಿದ್ದ. ಬಂದವರ ಚಹಾಕ್ಕೆ ಹಾಲು ಕಡಿಮೆಯಾದರೆ ಮಾತ್ರ ಅಜ್ಜಿಯ ಮೇಲೆ ಹರಿಹಾಯುತ್ತಿದ್ದ. ಗಂಡಸರ ವ್ಯವಹಾರವೆಲ್ಲ ಕೆಂಪು ಬಟ್ಟೆಯ ಹೊದಿಕೆಯ ಪುಸ್ತಕದಲ್ಲಿ ಬರೆದಿರುತ್ತಿತ್ತು. ಹೆಂಗಸರದು ಬೇರೆಯೇ. ಅವರು ಮಧ್ಯಾಹ್ನ, ಗಂಡಂದಿರು ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ಸೆರಗಿನೊಳಗಿಂದ ಹರಕು ಅರಿವೆಯ ಗಂಟೊಂದನ್ನು ತೆಗೆದು, "ಬರೀಬ್ಯಾಡ್ರಿ ಸಾವಕಾರ್ರ, ಬರದ್ರ ನಮ್ಮನ್ಯಾವರಿಗೆ ಗೊತ್ತಾಗತೈತಿ" ಎನ್ನುತ್ತಿದ್ದರು. ಅಜ್ಜ ಬರೆಯುತ್ತಿರಲಿಲ್ಲ, ಬಿಚ್ಚುತ್ತಲೂ ಇರಲಿಲ್ಲ. ಒಳಕೋಣೆಯ ಸಾಗವಾನಿ ಕಪಾಟಿನಲ್ಲಿ ಇಟ್ಟು ಬೀಗ ಹಾಕುತ್ತಿದ್ದ. ಹತ್ತು ವರ್ಷ ಬಿಟ್ಟು ಬಂದು ಕೇಳಿದರೂ ಅರಿವೆಯ ಗುರುತಿನಿಂದಲೇ ಅವಳ ಗಂಟನ್ನು ಅವಳ ಕೈಗಿಡುತ್ತಿದ್ದ.

"ಹೆಂಡ್ತಿ ಸೀರಿ ಯಾವ ಬಣ್ಣದ್ದಂತ ಕೇಳಿದ್ರ ಹೇಳಾಕ ಬರೂದಿಲ್ಲ, ನಮ್ಮ ಹರಕ ಅರಿವಿ ಬರೋಬ್ಬರಿ ಗುರ್ತ ಹಿಡೀತೀರಿ ನೋಡ್ರಿ!" ಎಂದು ಗಂಗವ್ವ ಕಾಡಿಸುತ್ತಿದ್ದಳು. ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದವಳು ಅವಳು. ಅವಳ ಗಂಡ ಮನೆಯ ಪಾತ್ರೆಯನ್ನೂ ಕುಡಿದು ಮುಗಿಸಿದ್ದ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು, ಅಜ್ಜನೂ ಮೀಸೆಯೊಳಗೇ ನಗುತ್ತಿದ್ದ. ನಮ್ಮ ಮನೆಯಲ್ಲಿ ಅಷ್ಟು ಸುಖವಾದ ನಗು ಆಮೇಲೆ ನಾನು ಕೇಳಲಿಲ್ಲ.

ಆ ವರ್ಷ ದೀಪಾವಳಿಯ ನೀರು ತುಂಬುವ ದಿನ ಅಜ್ಜ ಕಪಾಟಿನ ಕೀಲಿಯನ್ನು ನನ್ನ ಕೈಗೆ ಕೊಟ್ಟ. ಅಮಾವಾಸ್ಯೆಯ ಲಕ್ಷ್ಮೀ ಪೂಜೆಗೆ ಅದರ ಬಾಗಿಲು ತೆರೆಯುವ ಪದ್ಧತಿ ಇತ್ತು. "ಧೂಳಷ್ಟ ಹೊಡಿ ಯವ್ವಾ, ಗಂಟು ಮುಟ್ಟಬ್ಯಾಡ" ಎಂದ. ಮನೆಯಲ್ಲಿ ಇನ್ನಾರಿಗೂ ಕೊಡದ ಕೀಲಿ ನನಗೆ ಕೊಟ್ಟನೆಂದು ನೆಲದ ಮೇಲೆ ಕಾಲು ನಿಲ್ಲಲಿಲ್ಲ ನೋಡಿ. ತೆರೆದರೆ ಒಳಗೆ ಬೆವರು, ಅರಿಸಿನ, ಎಣ್ಣೆ ಬೆರೆತ ಮುಗ್ಗಲು ವಾಸನೆ. ಇಂಥ ಕೊಳಕು ಚಿಂದಿಗಳ ಮುಂದೆ ಲಕ್ಷ್ಮಿಯನ್ನು ಹೇಗೆ ಕೂರಿಸುವುದು! ಹಾಳಾದ ಬುದ್ಧಿ ನನ್ನದು. ಅಜ್ಜಿಯ ಪೆಟ್ಟಿಗೆಯಿಂದ ಹೊಸ ಬಿಳಿ ಮಾದರಪಾಟು ಬಟ್ಟೆ ತಂದು ಚೌಕ ಚೌಕ ಹರಿದೆ. ಒಂದೊಂದೇ ಗಂಟು ಬಿಚ್ಚಿ, ಒಳಗಿದ್ದುದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಕೆಂಪು ದಾರ ಸುತ್ತಿ, ದೊಡ್ಡವು ಹಿಂದೆ ಸಣ್ಣವು ಮುಂದೆ ಎಂದು ಚಂದವಾಗಿ ಜೋಡಿಸಿದೆ. ನಲವತ್ತಕ್ಕೂ ಹೆಚ್ಚಿದ್ದವು. ಚಿಂದಿಗಳನ್ನೆಲ್ಲ ಬಚ್ಚಲ ಒಲೆಯ ಬಾಯಿಗೆ ತುರುಕಿದೆ. ಮರುದಿನ ನಸುಕಿನಲ್ಲಿ ಆ ಉರಿಯಲ್ಲಿ ಕಾದ ಹಂಡೆಯ ನೀರಿನಲ್ಲೇ ಅಜ್ಜ ಹಬ್ಬದ ಸ್ನಾನ ಮಾಡಿದ.

ಅಮಾವಾಸ್ಯೆಯ ಸಂಜೆ ಅಜ್ಜ ಕಪಾಟು ತೆರೆದು, ಒಂದು ಬಿಳಿ ಗಂಟನ್ನು ಎತ್ತಿ ದೀಪಕ್ಕೆ ಹಿಡಿದ. ನಾನು ಶಹಭಾಸ್ ಅಂದಾನು ಎಂದು ಕಾಯುತ್ತಿದ್ದೆ. "ಅರಿವಿ ಎಲ್ಲಿ ಯವ್ವಾ?" ಎಂದ. ಹೇಳಿದೆ. "ಯಾವದ್ರಾಗ ಏನಿತ್ತು, ಒಂದರ ನೆನಪೈತೇನು?" ಇರಲಿಲ್ಲ. ಅವನು ಬೈಯಲಿಲ್ಲ. ಹಾಗೇ ಗಾದಿಯ ಮೇಲೆ ಕುಳಿತ, ಅಂದು ಪೂಜೆಗೆ ಏಳಲಿಲ್ಲ.

ಆಮೇಲೆ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆಸಿ, ನಿಮ್ಮ ಗಂಟಿನಲ್ಲಿ ಏನಿತ್ತು ಎಂದು ಕೇಳಿದ. ಹೇಳಿದ್ದನ್ನು ಕೊಟ್ಟ. ಹೆಚ್ಚಿನವರು ಇದ್ದಷ್ಟೇ ಹೇಳಿದರು. ಸುದ್ದಿ ಹಬ್ಬಿದಂತೆ ಕೆಲವರು ಹೇಳುವ ಸರದ ಎಳೆ ಉದ್ದವಾಯಿತು, ಗಂಟೇ ಇಡದವರೂ ಬಂದರು. ಅಪ್ಪ ಕೂಗಾಡಿದ. "ಒಬ್ಬಾಕಿಗೆ ಇಲ್ಲ ಅಂದ್ರ ಸುಳ್ಳ ಹೇಳ್ತಿ ಅಂದಂಗ ಆತು. ನನ್ನ ಹಂತೇಕ ಏನ ಬರದೈತಿ ತೋರಸಾಕ?" ಎಂದು ಅಜ್ಜ ಮೊದಲು ತನ್ನ ಬಂಗಾರ ಕೊಟ್ಟ, ಆಮೇಲೆ ಅಜ್ಜಿಯ ಕೈಯ ಪಾಟಲಿ. ಸಾವಕಾರರ ಕೈ ಬರಿದಾಗುತ್ತಿದೆ ಎಂದು ತಿಳಿದದ್ದೇ ತಡ, ವ್ಯಾಪಾರಿಗಳು ತಮ್ಮ ಹಣ ಎತ್ತಿಕೊಳ್ಳಲು ಸಾಲುಗಟ್ಟಿದರು. ಮೂರು ತಲೆಮಾರಿನದು ಎರಡು ವರ್ಷದಲ್ಲಿ ಮುಗಿಯಿತು. ಅಷ್ಟಾದರೂ ಅಜ್ಜನಿಗೆ ಹಣದ ಚಿಂತೆ ಇರಲಿಲ್ಲ. ತನ್ನನ್ನು ನಂಬಿದ ಒಬ್ಬ ಹೆಂಗಸಿನ ಮುಂದೆಯೂ ತಲೆ ತಗ್ಗಿಸಬಾರದು, ಅಷ್ಟೇ ಅವನಿಗೆ ಬೇಕಾಗಿದ್ದುದು.

ಗಂಗವ್ವ ಬಂದದ್ದು ಎಲ್ಲರಿಗಿಂತ ಕೊನೆಗೆ. ಮಗಳ ಬಾಣಂತನಕ್ಕೆಂದು ಹೋದವಳು ಹಬ್ಬ ಕಳೆದು ಎಷ್ಟೋ ತಿಂಗಳಿಗೆ ಮರಳಿದ್ದಳು. ಅವಳ ಗಂಟಿನಲ್ಲಿದ್ದುದು ಒಂದು ಜೊತೆ ಬುಗುಡಿ. ಅಷ್ಟರಲ್ಲಿ ಅದು ಇನ್ಯಾರ ಕಿವಿ ಸೇರಿತ್ತೋ. ಅಜ್ಜ ಪತ್ತಾರನ ಕಡೆಯಿಂದ ಹೊಸದೊಂದು ಜೊತೆ, ಒಳ್ಳೆ ತೂಕದ್ದೇ, ಮಾಡಿಸಿ ಅವಳ ಮುಂದೆ ಇಟ್ಟ. ಗಂಗವ್ವ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಗಾದಿಯ ಮೇಲೆ ವಾಪಸ್ಸಿಟ್ಟಳು.

"ಭಾಳ ಛಲೋ ಅದಾವ್ರಿ. ಖರೇ, ನಮ್ಮವ್ವನವು ಅಲ್ಲ. ಹೋಗ್ಲಿ ಬಿಡ್ರಿ, ಆ ಅರಿವಿನಾದ್ರೂ ಕೊಡ್ರಿ. ನಮ್ಮವ್ವ ಸಾಯೂವಾಗ ಉಟ್ಟಿದ್ದ ಸೀರಿ ಸೆರಗು ಅದು."

ಅಜ್ಜ ಎರಡೂ ಕೈ ಜೋಡಿಸಿದ. "ಇಲ್ಲ ಗಂಗವ್ವ. ಸುಟ್ಟು ಹೋತು."

"ಗಂಟು ಬಿಚ್ಚಿದವರು ಯಾರ್ರಿ?"

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅಜ್ಜ ನನ್ನ ಕಡೆ ನೋಡಲೂ ಇಲ್ಲ. "ನಾನ ಬಿಚ್ಚೇನಿ" ಎಂದ.

ಗಂಗವ್ವನ ಮುಖ ಕಪ್ಪಿಟ್ಟಿತು. "ಹೆಂಗಸರ ಗಂಟು ಬಿಚ್ಚಿ ನೋಡೂ ಮನಿಶ್ಯಾರು ಅಂತ ತಿಳಿದಿದ್ದಿಲ್ರಿ ನಿಮ್ಮನ್ನ" ಎಂದು ಎದ್ದು ಹೋದಳು. ಬೈಗುಳವಲ್ಲ, ಕೂಗಾಟವಲ್ಲ, ಆ ಒಂದು ಮಾತು. ನಾನು ಗಂಗವ್ವ, ನಾನೇ ಬಿಚ್ಚಿದ್ದು ಎಂದು ಓಡಿಹೋಗಿ ಅವಳ ಸೆರಗು ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅಂದಿನಿಂದ ಅಜ್ಜ ಪೇಟೆಗೆ ಇಳಿಯುವುದನ್ನು ಬಿಟ್ಟ. ಮರುವರ್ಷ ಹೋದ. ಸಾಯುವವರೆಗೂ ನಾನು ಅವನಿಗೆ, ನನ್ನ ತಪ್ಪನ್ನು ನಿನ್ನ ಮೇಲೆ ಯಾಕೆ ಹಾಕಿಕೊಂಡೆ ಎಂದು ಕೇಳಲಿಲ್ಲ, ಅವನೂ ಆ ವಿಷಯ ಎತ್ತಲಿಲ್ಲ.

ಹೋದ ತಿಂಗಳು ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಾಗ ಪಕ್ಕದ ಎಲೆಯ ಮುದುಕಿ ನನ್ನ ಮುಖವನ್ನೇ ನೋಡುತ್ತ, "ಎಲ್ಲೋ ನೋಡೇನಲ್ಲ ತಂಗಿ ನಿನ್ನ? ಕಮರಿಪೇಟ್ಯಾಗ ಹೆಂಗಸರ ಗಂಟು ಬಿಚ್ಚಿದ ಸಾವಕಾರ ಇದ್ನಲ್ಲ, ಅವನ ಮೊಮ್ಮಗಳೇನು ನೀ?" ಎಂದಳು. ನಲವತ್ತು ವರ್ಷದಿಂದ ಹೇಳಬೇಕಾಗಿದ್ದ ಮಾತು ನಾಲಿಗೆಯ ತುದಿಗೆ ಬಂತು.

"ಅಲ್ರಿ," ಎಂದೆ, "ನಾವು ನವನಗರದವರು."